ಮೇಳದ ಪೆಟ್ಟಿಗೆಯಂತೆ ಕಟ್ಟಿ: ಚಿತ್ರ, ದನಿ, ಅಕ್ಷರ ಎಲ್ಲವೂ ಪ್ರೋಗ್ರಾಮ್ ಜೊತೆಗೇ

ಮಣಿಪಾಲದ ನನ್ನ ಕೋಣೆಯಲ್ಲಿ ಒಂದು ತಿಂಗಳು ಯಾವ ತಕರಾರೂ ಇಲ್ಲದೆ ಓಡಿದ ಪ್ರೋಗ್ರಾಮ್ ಅದು. ಕಾರ್ಕಳದ ಒಂದು ಶಾಲೆಯ ಮಕ್ಕಳಿಗಾಗಿ ಬರೆದದ್ದು. ಊರಿನ ಗಿಡಮರದ ಚಿತ್ರ ತೆರೆಯ ಮೇಲೆ ಬರುತ್ತದೆ, ಕೆಳಗೆ ಅದರ ಕನ್ನಡದ ಹೆಸರು, ತುಳುವಿನ ಹೆಸರು. ಹೆಸರಿನ ಮೇಲೆ ಒತ್ತಿದರೆ ದನಿ ಕೇಳಿಸುತ್ತದೆ. ಮಾವಿಗೆ ಕುಕ್ಕು, ಬಾಳೆಗೆ ಬಾರೆ, ತೆಂಗಿನಕಾಯಿಗೆ ತಾರಾಯಿ. ತುಳು ಹೆಸರುಗಳನ್ನು ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳಾಗಿ ಹೊರತಂದ ತುಳು ನಿಘಂಟಿನಲ್ಲಿ ಒಂದೊಂದಾಗಿ ನೋಡಿ ಸರಿಮಾಡಿಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಪೆನ್‌ಡ್ರೈವ್‌ಗೆ ಹಾಕಿ ಕಾರ್ಕಳದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಹಿರಿಯಡ್ಕ, ಬೈಲೂರು ದಾಟಿ ಅದು ಮಧ್ಯಾಹ್ನದೊಳಗೆ ಶಾಲೆ ಸೇರಿತು. ಸಂಜೆ ಮಾಷ್ಟ್ರ ಫೋನ್ ಬಂತು.

"ಓಪನ್ ಆಗ್ತದೆ ಮಾರಾಯ್ರೆ, ಆದ್ರೆ ಚಿತ್ರ ಒಂದೂ ಇಲ್ಲ. ಅಕ್ಷರ ಎಲ್ಲ ಬರೀ ಡಬ್ಬಿ ಡಬ್ಬಿ. ಒತ್ತಿದ್ರೆ ಶಬ್ದವೂ ಬರುದಿಲ್ಲ. ನಮ್ಮ ಕಂಪ್ಯೂಟರೇ ಹಳತು ಅಲ್ವಾ, ಅದ್ರದ್ದೇ ಏನೋ ತೊಂದ್ರೆ ಇರ್ಬೇಕು."

ತೊಂದರೆ ಅವರ ಕಂಪ್ಯೂಟರಿನದಾಗಿರಲಿಲ್ಲ. ಚಿತ್ರಗಳನ್ನು ನನ್ನ ಲ್ಯಾಪ್‌ಟಾಪಿನ ಸಿ ಡ್ರೈವ್‌ನಲ್ಲೇ ಬಿಟ್ಟು, ಅವು ಇರುವ ವಿಳಾಸವನ್ನಷ್ಟೇ ಪ್ರೋಗ್ರಾಮಿನಲ್ಲಿ ಬರೆದಿದ್ದೆ. ಅಕ್ಷರಕ್ಕೆ ಆರಿಸಿದ್ದ ಫಾಂಟ್ ನನ್ನಲ್ಲಿ ಮಾತ್ರ ಇತ್ತು. ತಪ್ಪೆಲ್ಲ ನನ್ನದಾಗಿರುವಾಗ ಅವರು ಅದನ್ನು ತಮ್ಮ ಹಳೆಯ ಕಂಪ್ಯೂಟರಿನ ಮೇಲೆ ಹಾಕಿಕೊಂಡದ್ದು ನನಗೆ ಬಹಳ ಕೊರೆಯಿತು. ಪ್ರೋಗ್ರಾಮ್ ಪಡೆದವರು ಡಬಲ್ ಕ್ಲಿಕ್ ಮಾಡುವುದರಾಚೆ ಏನನ್ನೂ ಮಾಡಬೇಕಾಗಿ ಬರಬಾರದು, ಉಳಿದದ್ದೆಲ್ಲ ಬರೆದವರ ಹೊಣೆ. ಆ ಹೊಣೆಯನ್ನು ಹೇಗೆ ಹೊರುವುದೆಂದು ಅನಂತರದ ಕೆಲವು ವಾರಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಗೆ, ಸಂಘಕ್ಕೆ, ದೇವಸ್ಥಾನದ ಲೆಕ್ಕಕ್ಕೆ, ಮನೆಯ ಅಂಗಡಿಗೆ ಸಣ್ಣ ಪ್ರೋಗ್ರಾಮ್ ಮಾಡಿಕೊಡುವ ವಿದ್ಯಾರ್ಥಿಗಳು ನಮ್ಮಲ್ಲಿ ಸಾಕಷ್ಟಿದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗೆ.

ಮೇಳ ಹೊರಡುವ ರೀತಿ

ಯಕ್ಷಗಾನ ಮೇಳ ಊರಿಂದೂರಿಗೆ ಹೋಗುವುದನ್ನು ನೋಡಿದವರಿಗೆ ಈ ವಿಷಯ ಬೇಗ ತಿಳಿಯುತ್ತದೆ. ಆಟ ಆಡಿಸುವ ಮನೆಯವರ ಹತ್ತಿರ ಕಿರೀಟ ಇದೆಯೇ, ಗೆಜ್ಜೆ ಇದೆಯೇ ಎಂದು ಮೇಳದವರು ಕೇಳುವುದಿಲ್ಲ. ವೇಷ, ಬಣ್ಣ, ಆಭರಣ, ಚೆಂಡೆ, ಮದ್ದಳೆ ಎಲ್ಲವೂ ಅವರ ಪೆಟ್ಟಿಗೆಗಳಲ್ಲೇ ಬರುತ್ತವೆ. ಊರಿನವರು ಕೊಡುವುದು ಜಾಗ ಮತ್ತು ಊಟ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬುದೂ ನಿಗದಿ. ಕತ್ತಲಲ್ಲಿ ಕೈಹಾಕಿದರೂ ಬೇಕಾದದ್ದು ಸಿಗಬೇಕು.

ಪ್ರೋಗ್ರಾಮಿನ ಚಿತ್ರ, ದನಿ, ಫಾಂಟ್, ಪದಪಟ್ಟಿ, ಐಕಾನ್‌ಗಳಿಗೆ ರಿಸೋರ್ಸ್ ಫೈಲ್ ಎನ್ನುತ್ತಾರೆ. ಬರೆಯುವಾಗ ಅವು ನಮ್ಮ ಕಂಪ್ಯೂಟರಿನ ಫೋಲ್ಡರ್‌ಗಳಲ್ಲಿ ಚೆದುರಿಕೊಂಡಿರುತ್ತವೆ. ಹೊರಡುವಾಗ ಪ್ರೋಗ್ರಾಮಿನ ಪೆಟ್ಟಿಗೆಯೊಳಗೆ ಸೇರಬೇಕು. ಅಷ್ಟೇ ಅಲ್ಲ, ಪ್ರೋಗ್ರಾಮ್ ಅವನ್ನು ಹುಡುಕುವ ರೀತಿಯೂ ಬದಲಾಗಬೇಕು. ಸೇರಿಸುವುದು ಸುಲಭ. ಹೆಚ್ಚಿನವರು ಎಡವುವುದು ಹುಡುಕುವ ರೀತಿಯಲ್ಲಿ.

ಸಿ ಡ್ರೈವ್‌ನಿಂದ ಶುರುವಾಗುವ ಪೂರ್ತಿ ವಿಳಾಸ ಬರೆದರೆ ಬೇರೆ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಹಾಗಾಗಿ ಹಲವರು 'ಚಿತ್ರಗಳು ಫೋಲ್ಡರಿನ ಮಾವು' ಎಂಬಂಥ ಅರ್ಧ ವಿಳಾಸ ಬರೆದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಆ ಅರ್ಧ ವಿಳಾಸದ ಲೆಕ್ಕ ಶುರುವಾಗುವುದು ಪ್ರೋಗ್ರಾಮ್ ಇರುವ ಜಾಗದಿಂದಲ್ಲ, ಅದನ್ನು ಎಲ್ಲಿ ನಿಂತು ಓಡಿಸಿದಿರೋ ಅಲ್ಲಿಂದ. ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನಿಂದ ತೆರೆದರೆ ಒಂದು ಜಾಗ, ಕಮಾಂಡ್ ಪ್ರಾಂಪ್ಟ್‌ನಿಂದ ತೆರೆದರೆ ಇನ್ನೊಂದು ಜಾಗ. ಒಮ್ಮೆ ಚಿತ್ರ ಬರುತ್ತದೆ, ಇನ್ನೊಮ್ಮೆ ಬರುವುದಿಲ್ಲ ಎಂಬ ದೂರಿದ್ದರೆ ಮೊದಲು ಇಲ್ಲಿ ನೋಡಿ.

ಜಾವಾದ ಪೆಟ್ಟಿಗೆ

ನಾನು ಬರೆದದ್ದು ಜಾವಾದಲ್ಲಿ. ಜಾವಾದ ಪೆಟ್ಟಿಗೆಯ ಹೆಸರು ಜಾರ್. ಅದು ಬೇರೇನೂ ಅಲ್ಲ, ಒಂದು ಜಿಪ್ ಫೈಲ್. ಅದರ ಒಂದು ನಕಲು ಮಾಡಿ, ಹೆಸರಿನ ಕೊನೆಯ ಜಾರ್ ಎಂಬುದನ್ನು ಜಿಪ್ ಎಂದು ಬದಲಾಯಿಸಿದರೆ ಡಬಲ್ ಕ್ಲಿಕ್ ಮಾಡಿ ಒಳಗೆ ಏನೇನಿದೆ ನೋಡಬಹುದು. ಕಳಿಸುವ ಮೊದಲು ಹೀಗೆ ತೆರೆದು ನೋಡುವ ಅಭ್ಯಾಸ ಒಂದಿದ್ದರೆ ಅರ್ಧ ತಾಪತ್ರಯ ಕಡಿಮೆ. ಚಿತ್ರ ಒಳಗೇ ಇಲ್ಲದಿದ್ದರೆ ಕೋಡ್ ಎಷ್ಟು ತಿದ್ದಿದರೂ ವ್ಯರ್ಥ.

ಒಳಗೆ ಸೇರಿಸಲು ಮೇವನ್ ಅಥವಾ ಗ್ರೇಡಲ್ ಬಳಸುವವರು ಎಸ್‌ಆರ್‌ಸಿ, ಮೇನ್, ರಿಸೋರ್ಸಸ್ ಎಂಬ ಮೂರು ಹಂತದ ಫೋಲ್ಡರಿನಲ್ಲಿ ಫೈಲ್ ಇಟ್ಟರೆ ಸಾಕು, ತಾನಾಗಿ ಸೇರುತ್ತದೆ. ಎಕ್ಲಿಪ್ಸ್‌ನಲ್ಲಿ ಬರೀ ಪ್ರಾಜೆಕ್ಟ್ ಮಾಡಿಕೊಂಡವರು ಆ ಫೋಲ್ಡರನ್ನು ಸೋರ್ಸ್ ಫೋಲ್ಡರ್ ಎಂದು ಗುರುತಿಸಬೇಕು. ಇಂಟೆಲಿಜೆಯಲ್ಲಿ ರಿಸೋರ್ಸಸ್ ರೂಟ್ ಎಂದು ಗುರುತು ಹಾಕಬೇಕು. ಗುರುತು ಹಾಕದ ಫೋಲ್ಡರ್ ಪ್ರಾಜೆಕ್ಟಿನಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಜಾರ್ ಒಳಗೆ ಹೋಗುವುದಿಲ್ಲ.

ಇನ್ನು ಹುಡುಕುವ ರೀತಿ. ಜಾರ್ ಒಳಗೆ ಸೇರಿದ ಚಿತ್ರ ಡಿಸ್ಕಿನ ಮೇಲಿನ ಒಂದು ಫೈಲ್ ಆಗಿ ಉಳಿಯುವುದಿಲ್ಲ, ಜಾರ್ ಎಂಬ ದೊಡ್ಡ ಫೈಲಿನ ಒಂದು ಭಾಗವಾಗುತ್ತದೆ. ಆದ್ದರಿಂದ ಜಾವಾದ 'ಫೈಲ್' ಕ್ಲಾಸ್ ಅದನ್ನು ಎಂದಿಗೂ ತೆರೆಯಲಾರದು. 'ಗೆಟ್ ರಿಸೋರ್ಸ್ ಆ್ಯಸ್ ಸ್ಟ್ರೀಮ್' ಎಂಬ ಕ್ರಮದಿಂದ ಹರಿವಾಗಿ ಓದಬೇಕು. ಬರೆಯುವಾಗ ಎಲ್ಲ ಫೈಲ್‌ಗಳೂ ಹೊರಗಿರುವುದರಿಂದ 'ಫೈಲ್' ಕ್ಲಾಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜಾರ್ ಕಟ್ಟಿದ ಗಳಿಗೆಯಿಂದ ಸೋಲುತ್ತದೆ.

ಇಲ್ಲಿ ಓರೆಗೆರೆಯ ಪಾಠವೊಂದಿದೆ. ಕ್ಲಾಸ್‌ನಿಂದ ಕೇಳುವಾಗ ಹೆಸರಿನ ಮೊದಲು ಓರೆಗೆರೆ ಇದ್ದರೆ ಜಾರ್‌ನ ಬುಡದಿಂದ ಹುಡುಕುತ್ತದೆ, ಇಲ್ಲದಿದ್ದರೆ ಆ ಕ್ಲಾಸ್ ಇರುವ ಪ್ಯಾಕೇಜಿನಿಂದ. ಕ್ಲಾಸ್ ಲೋಡರ್‌ನಿಂದ ಕೇಳುವಾಗ ಯಾವಾಗಲೂ ಬುಡದಿಂದಲೇ ಲೆಕ್ಕ, ಅಲ್ಲಿ ಮೊದಲಿಗೆ ಓರೆಗೆರೆ ಹಾಕಬಾರದು. ವಿಂಡೋಸ್‌ನಲ್ಲಿದ್ದೇವೆ ಎಂದು ಎಡಕ್ಕೆ ವಾಲಿದ ಗೆರೆ ಹಾಕಬೇಡಿ, ಜಾರ್ ಒಳಗೆ ಬಲಕ್ಕೆ ವಾಲಿದ ಗೆರೆ ಮಾತ್ರ ಸಲ್ಲುತ್ತದೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನೂ ಜಾರ್ ಗಮನಿಸುತ್ತದೆ. ವಿಂಡೋಸ್ ಫೋಲ್ಡರ್ ಗಮನಿಸುವುದಿಲ್ಲ. ಕ್ಯಾಮೆರಾದಿಂದ ಬಂದ ಚಿತ್ರಗಳ ಕೊನೆಯ ಜೆಪಿಜಿ ಎಂಬುದು ದೊಡ್ಡಕ್ಷರದಲ್ಲಿರುತ್ತದೆ, ಕೋಡ್‌ನಲ್ಲಿ ನಾವು ಸಣ್ಣಕ್ಷರದಲ್ಲಿ ಬರೆದಿರುತ್ತೇವೆ. ನನ್ನ ಎರಡನೆಯ ಪ್ರಯತ್ನದಲ್ಲಿ ಹಲಸು, ಗೇರು ಎರಡು ಮಾತ್ರ ಬಾರದಿದ್ದದ್ದು ಇದೇ ಕಾರಣಕ್ಕೆ.

ಫೈಲ್ ಹೆಸರನ್ನೇ ಕನ್ನಡದಲ್ಲಿ ಇಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆಸೆ ನನಗೂ ಇತ್ತು. ಆದರೆ 'ತೋಟ' ಎಂಬ ಪದದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಹೆಸರು. ಕೆಲವು ವ್ಯವಸ್ಥೆಗಳು, ಮುಖ್ಯವಾಗಿ ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ, ಹೆಸರನ್ನು ತಾವಾಗಿಯೇ ಬಿಡಿಸಿಟ್ಟುಕೊಳ್ಳುತ್ತವೆ. ಆದ್ದರಿಂದ ಫೈಲ್ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕನ್ನಡ ಹೆಸರು ಪದಪಟ್ಟಿಯೊಳಗೆ ಇರಲಿ.

ಜಾರ್ ಡಬಲ್ ಕ್ಲಿಕ್‌ಗೆ ಓಡಬೇಕಾದರೆ ಒಳಗಿರುವ ಮ್ಯಾನಿಫೆಸ್ಟ್ ಎಂಬ ಚೀಟಿಯಲ್ಲಿ ಮೇನ್-ಕ್ಲಾಸ್ ಯಾವುದೆಂದು ಬರೆದಿರಬೇಕು. ಕೈಯಿಂದ ಬರೆಯುವವರು ಕೊನೆಯ ಸಾಲಿನ ನಂತರ ಎಂಟರ್ ಒತ್ತುವುದನ್ನು ಮರೆಯಬಾರದು, ಒತ್ತದಿದ್ದರೆ ಆ ಸಾಲನ್ನು ಓದದೆಯೇ ಬಿಡುವುದುಂಟು. ಇನ್ನೊಂದು ಮಾತು: ಡಬಲ್ ಕ್ಲಿಕ್ ಮಾಡಿದಾಗ ತಪ್ಪಿನ ಸಂದೇಶ ಎಲ್ಲೂ ಕಾಣುವುದಿಲ್ಲ, ಅದನ್ನು ತೋರಿಸುವ ಕಪ್ಪು ಕಿಟಕಿಯೇ ತೆರೆಯುವುದಿಲ್ಲ. ಏನೂ ಆಗಲಿಲ್ಲ ಎಂದರೆ ಕಮಾಂಡ್ ಪ್ರಾಂಪ್ಟ್ ತೆರೆದು 'ಜಾವಾ ಹೈಫನ್ ಜಾರ್' ಎಂದು ಬರೆದು ಫೈಲ್ ಹೆಸರು ಕೊಡಿ. ಸಂದೇಶ ಅಲ್ಲಿ ಬರುತ್ತದೆ. ಸ್ವಿಂಗ್‌ನ 'ಇಮೇಜ್ ಐಕಾನ್'ಗೆ ಫೈಲ್ ಹೆಸರು ಕೊಟ್ಟು, ಆ ಫೈಲ್ ಸಿಗದೇ ಹೋದರೆ ಅದು ಅಲ್ಲಿಯೂ ಸದ್ದಿಲ್ಲದೆ ಖಾಲಿ ಚಿತ್ರ ತೋರಿಸುತ್ತದೆ. ನನ್ನ ಮೊದಲ ಪ್ರೋಗ್ರಾಮಿನ ಚಿತ್ರಗಳು ಒಂದು ದೂರೂ ಇಲ್ಲದೆ ಮಾಯವಾದದ್ದು ಹಾಗೆ. 'ಇಮೇಜ್ ಐಒ'ದ ರೀಡ್ ಬಳಸಿದರೆ ಚಿತ್ರ ಸಿಗದಾಗ ತಪ್ಪು ಎಂದು ಗಟ್ಟಿಯಾಗಿ ಹೇಳುತ್ತದೆ. ಗಟ್ಟಿಯಾಗಿ ಹೇಳುವುದೇ ಒಳ್ಳೆಯದು.

ಶಾಲೆಯ ಕಂಪ್ಯೂಟರಿನಲ್ಲಿ ಜಾವಾ ಇಲ್ಲದಿದ್ದರೆ? 'ಜೆ-ಪ್ಯಾಕೇಜ್' ಎಂಬ ಸಲಕರಣೆ ಜಾವಾ ಜೊತೆಗೇ ಬರುತ್ತದೆ. 2020ರಲ್ಲಿ ಜೆಡಿಕೆ 14ರಲ್ಲಿ ಪ್ರಯೋಗವಾಗಿ ಬಂದು, 2021ರ ಜೆಡಿಕೆ 16ರಲ್ಲಿ ಖಾಯಂ ಆಯಿತು. ಅದು ಜಾವಾವನ್ನೂ ನಿಮ್ಮ ಪ್ರೋಗ್ರಾಮನ್ನೂ ಸೇರಿಸಿ ಇನ್‌ಸ್ಟಾಲರ್ ಕಟ್ಟಿಕೊಡುತ್ತದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಮಾಡಲು ವಿಕ್ಸ್ ಎಂಬ ಇನ್ನೊಂದು ಸಲಕರಣೆಯೂ ಬೇಕು. ಗಾತ್ರ ಹತ್ತಾರು ಎಂಬಿ ಹೆಚ್ಚುತ್ತದೆ. ವಿಂಡೋಸ್‌ಗೆ ಬೇಕಾದ್ದನ್ನು ವಿಂಡೋಸ್‌ನಲ್ಲಿ, ಲಿನಕ್ಸ್‌ಗೆ ಬೇಕಾದ್ದನ್ನು ಲಿನಕ್ಸ್‌ನಲ್ಲಿಯೇ ಕಟ್ಟಬೇಕು. ಆದರೂ ಶಾಲೆಗಳಿಗೆ ಕೊಡುವಾಗ ನಾನು ಇದನ್ನೇ ಒಪ್ಪುತ್ತೇನೆ. ಮೊದಲು ಜಾವಾ ಹಾಕಿಕೊಳ್ಳಿ ಎಂದು ಮಾಷ್ಟ್ರಿಗೆ ಹೇಳುವುದು, ಚೆಂಡೆ ನೀವೇ ತನ್ನಿ ಎಂದು ಆಟದ ಮನೆಯವರಿಗೆ ಹೇಳಿದ ಹಾಗೆ.

ಕನ್ನಡ ಕೆಟ್ಟಿರುವುದು ಎಲ್ಲಿ?

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಇಂಗ್ಲಿಷಿನಲ್ಲಿ ಪ್ರೋಗ್ರಾಮ್ ಮಾಡುವವರಿಗೆ ಈ ಕಷ್ಟಗಳು ಎದುರಾಗುವುದು ಕಡಿಮೆ. ಹಾಗಾಗಿ ಅವರ ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚು ಜಾಗವಿರುವುದಿಲ್ಲ.

ಕನ್ನಡ ಕೆಟ್ಟು ಕಾಣುವುದಕ್ಕೆ ಐದು ಮುಖಗಳಿವೆ, ಪ್ರತಿಯೊಂದಕ್ಕೂ ಬೇರೆ ಮದ್ದು. ಅಕ್ಷರದ ಜಾಗದಲ್ಲಿ ಡಬ್ಬಿ ಕಂಡರೆ ಫಾಂಟ್ ಇಲ್ಲ ಎಂದು ಅರ್ಥ. ತಲೆಯ ಮೇಲೆ ಗೆರೆಯುಳ್ಳ ಇಂಗ್ಲಿಷ್ 'ಎ', ಅದರ ಪಕ್ಕ ಮೇಲಕ್ಕೆ ಏರಿಸಿದ ಸಣ್ಣ 2 ಅಥವಾ 3, ಹೀಗೆ ಮತ್ತೆ ಮತ್ತೆ ಬಂದರೆ ಅದು ಸಂಕೇತ ಓದುವುದರಲ್ಲಿ ಆದ ತಪ್ಪು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಮೊದಲ ಎರಡು ಬೈಟ್‌ಗಳು ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ. ವಿಂಡೋಸ್‌ನ ಹಳೆಯ ಕ್ರಮದಲ್ಲಿ ಅವನ್ನು ಓದಿದಾಗ ಆ ಎರಡು ಬೈಟ್‌ಗಳೇ 'ಎ' ಮತ್ತು ಸಣ್ಣ ಅಂಕಿಯಾಗಿ ಸಾಲುಗಟ್ಟುತ್ತವೆ. ಫೈಲ್ ಕೆಟ್ಟಿಲ್ಲ, ಓದುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿದರೆ ಸರಿಯಾಗುತ್ತದೆ. ಜಾವಾ 18ರಿಂದ, ಅಂದರೆ 2022ರಿಂದ, ಹೇಳದಿದ್ದರೂ ಯುಟಿಎಫ್-8 ಎಂದೇ ಹಿಡಿಯುತ್ತದೆ. ಹಳೆಯ ಜಾವಾದಲ್ಲೂ ಪೈಥಾನ್‌ನ 'ಓಪನ್'ನಲ್ಲೂ ಹೇಳಲೇಬೇಕು. ಪ್ರಾಪರ್ಟೀಸ್ ಫೈಲ್ ಬಳಸುವವರಿಗೆ ಇನ್ನೊಂದು ಎಚ್ಚರ: ರಿಸೋರ್ಸ್ ಬಂಡಲ್ ಮೂಲಕ ಓದಿದರೆ ಜಾವಾ 9ರಿಂದ ಯುಟಿಎಫ್-8, ಆದರೆ 'ಲೋಡ್'ಗೆ ನೇರ ಬೈಟ್ ಹರಿವನ್ನು ಕೊಟ್ಟರೆ ಇವತ್ತಿಗೂ ಹಳೆಯ ಲ್ಯಾಟಿನ್ ಕ್ರಮವೇ. ಯುಟಿಎಫ್-8 ಎಂದು ಹೇಳಿದ ರೀಡರ್ ಕೊಡಿ.

ಎಲ್ಲ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿದ್ದರೆ ಅದು ಕೆಟ್ಟ ಸುದ್ದಿ. ಉಳಿಸುವಾಗಲೇ ಕನ್ನಡ ಕಳೆದುಹೋಗಿದೆ, ಆ ಫೈಲಿನಿಂದ ಮರಳಿ ಬರುವುದಿಲ್ಲ. ಎಕ್ಸೆಲ್‌ನಲ್ಲಿ ಪದಪಟ್ಟಿ ಮಾಡಿ ಬರೀ 'ಸಿಎಸ್‌ವಿ' ಎಂದು ಉಳಿಸಿದಾಗ ಹೀಗಾಗುತ್ತದೆ. 'ಸಿಎಸ್‌ವಿ ಯುಟಿಎಫ್-8' ಎಂಬ ಇನ್ನೊಂದು ಆಯ್ಕೆ ಅದೇ ಪಟ್ಟಿಯಲ್ಲಿದೆ, ಅದನ್ನು ಆರಿಸಬೇಕು. ಅದು ಫೈಲಿನ ಆರಂಭಕ್ಕೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಜಾವಾ ಅದನ್ನು ತೆಗೆಯುವುದಿಲ್ಲವಾದ್ದರಿಂದ ಮೊದಲ ಕಾಲಮ್ಮಿನ ಹೆಸರು ಹೊಂದಿಕೆಯಾಗದೆ ಪಟ್ಟಿಯೇ ಖಾಲಿ ಎಂಬಂತೆ ತೋರಬಹುದು. ಪೈಥಾನ್‌ನಲ್ಲಿ 'ಯುಟಿಎಫ್-8-ಸಿಗ್' ಎಂದು ಹೇಳಿದರೆ ಆ ಗುರುತನ್ನು ಅದೇ ಕಳಚಿಕೊಳ್ಳುತ್ತದೆ.

ನಾಲ್ಕನೆಯದು, 'ಕನ್ನಡ' ಎಂಬ ಪದ ಇಂಗ್ಲಿಷ್ 'ಪಿ', ತಲೆಗೆರೆಯ 'ಎ', ಪೌಂಡ್ ಹಣದ ಗುರುತು ಇತ್ಯಾದಿಯಾಗಿ ಕಾಣುವುದು. ಡಿಟಿಪಿ ಕೆಲಸ ಮಾಡಿದವರಿಗೆ ಇದು ಹಳೆಯ ಪರಿಚಯ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ತಂತ್ರಾಂಶಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಿನ್ನಿಕಂಬಳದಲ್ಲಿ ಹುಟ್ಟಿ ಮಣಿಪಾಲದ ನಂಟು ಬೆಳೆಸಿಕೊಂಡ ಕೆ.ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ರೂಪಿಸಿದ 'ಸೇಡಿಯಾಪು', 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ತಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ', ಇವೆಲ್ಲ ಕನ್ನಡಿಗರ ಕೈಗೆ ಕೀಲಿಮಣೆ ಕೊಟ್ಟವು. ರಾವ್ ಅವರ ಕೀಲಿಮಣೆ ವಿನ್ಯಾಸದ ಆಧಾರದ ಮೇಲೆಯೇ ಸರ್ಕಾರ ಒಪ್ಪಿದ ವಿನ್ಯಾಸವೂ ನಿಂತಿದೆ. ಆ ಕಾಲದಲ್ಲಿ ಬರಹದ ಜೊತೆ ಫಾಂಟ್ ಹೋಗದಿದ್ದರೆ ಬರಹವೇ ಇಲ್ಲ ಎಂಬುದು ಎಲ್ಲ ಅಚ್ಚುಮನೆಗೂ ಗೊತ್ತಿತ್ತು, ಫ್ಲಾಪಿಯಲ್ಲಿ ಲೇಖನದ ಪಕ್ಕ ಫಾಂಟನ್ನೂ ಹಾಕಿ ಕಳಿಸುತ್ತಿದ್ದರು. ಒಳ್ಳೆಯ ಅಭ್ಯಾಸ ಅದು. ಯೂನಿಕೋಡ್ ಬಂದ ಮೇಲೆ ನಾವದನ್ನು ಮರೆತೆವು. ಶಾಲೆಯಿಂದ ನನಗೆ ಸಿಕ್ಕ ಹಳೆಯ ಗಿಡಗಳ ಪಟ್ಟಿಯೊಂದು ನುಡಿಯ ಹಳೆಯ ಕ್ರಮದಲ್ಲಿತ್ತು. ಅಂಥದ್ದನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಂದ ನೋಡಿ ತಿದ್ದಿದ ಮೇಲೆಯೇ ಪೆಟ್ಟಿಗೆಗೆ ಹಾಕಬೇಕು.

ಐದನೆಯದು ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುವುದು. 'ಕುಕ್ಕು' ಎಂಬುದರಲ್ಲಿ ಮೊದಲ ಕಕಾರಕ್ಕೆ ಅರ್ಧಾಕ್ಷರದ ಗುರುತು ಬಂದು ಎರಡನೆಯದು ಬೇರೆಯಾಗಿ ನಿಲ್ಲುತ್ತದೆ. ಇಲ್ಲಿ ಫಾಂಟೂ ಸರಿಯಿದೆ, ಸಂಕೇತವೂ ಸರಿಯಿದೆ. ಅಕ್ಷರ ಜೋಡಿಸುವ ಯಂತ್ರ ಇಲ್ಲ. ಪೈಥಾನ್‌ನ ಪಿಲ್ಲೋದಿಂದ ಚಿತ್ರದ ಮೇಲೆ ಕನ್ನಡ ಬರೆಯುವವರು ರಾಕ್ಮ್ ಎಂಬ ಭಾಗ ಸೇರಿದೆಯೇ ನೋಡಬೇಕು. ಜಾವಾ 9ರಿಂದ ಈ ಕೆಲಸಕ್ಕೆ ಹಾರ್ಫ್‌ಬಝ್ ಎಂಬ ಜೋಡಣೆ ಯಂತ್ರ ಒಳಗೇ ಇದೆ.

ಫಾಂಟ್ ವಿಷಯಕ್ಕೆ ಮರಳಿದರೆ, ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದ್ದ 'ತುಂಗಾ' ವಿಂಡೋಸ್ 10ರಲ್ಲಿ ಬೇಕಾದರೆ ಮಾತ್ರ ಹಾಕಿಕೊಳ್ಳುವ ಹೆಚ್ಚುವರಿ ಭಾಗಕ್ಕೆ ಸರಿಯಿತು. ತುಂಗಾ ಇದ್ದೇ ಇರುತ್ತದೆ ಎಂದು ನಂಬಿ ಬರೆದ ಎಷ್ಟೋ ಪ್ರೋಗ್ರಾಮ್‌ಗಳು ಆಗ ಸೊರಗಿದವು. ಅದನ್ನು ನಕಲು ಮಾಡಿ ನಮ್ಮ ಪೆಟ್ಟಿಗೆಗೆ ಹಾಕಲು ಪರವಾನಗಿ ಇಲ್ಲ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಬಲೂ ತಮ್ಮ ಇವೆಲ್ಲ ಎಸ್‌ಐಎಲ್‌ನ ಮುಕ್ತ ಫಾಂಟ್ ಪರವಾನಗಿಯಲ್ಲಿವೆ. ಫಾಂಟನ್ನೇ ಬಿಡಿಯಾಗಿ ಮಾರಬಾರದು, ಪರವಾನಗಿಯ ಪಠ್ಯವನ್ನು ಜೊತೆಗೆ ಇಡಬೇಕು, ಇಷ್ಟು ಪಾಲಿಸಿದರೆ ಪ್ರೋಗ್ರಾಮ್ ಜೊತೆ ಧಾರಾಳವಾಗಿ ಕೊಡಬಹುದು. ಪೆಟ್ಟಿಗೆಯಲ್ಲಿ ಇಟ್ಟರೆ ಮುಗಿಯಲಿಲ್ಲ. ಪ್ರೋಗ್ರಾಮ್ ಶುರುವಾದೊಡನೆ ಜಾವಾದಲ್ಲಿ 'ಕ್ರಿಯೇಟ್ ಫಾಂಟ್'ನಿಂದ ಹರಿವಾಗಿ ಓದಿ ನೋಂದಾಯಿಸಬೇಕು. ಕ್ಯೂಟಿಯಲ್ಲಿ 'ಆ್ಯಡ್ ಅಪ್ಲಿಕೇಶನ್ ಫಾಂಟ್' ಇದೆ. ತುಳು ಲಿಪಿಯಲ್ಲೇ ತೋರಿಸಬೇಕೆನ್ನುವವರಿಗಂತೂ ಬೇರೆ ದಾರಿಯೇ ಇಲ್ಲ: ತುಳು-ತಿಗಳಾರಿ ಯೂನಿಕೋಡ್ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16.0 ಆವೃತ್ತಿಯಲ್ಲಿ. ಶಾಲೆಯ ಕಂಪ್ಯೂಟರಿನಲ್ಲಿ ಅದರ ಫಾಂಟ್ ಇರುತ್ತದೆಂದು ನಿರೀಕ್ಷಿಸುವಂತಿಲ್ಲ.

ಮೇವನ್ ಬಳಸುವವರಿಗೆ ಒಂದು ಗುಟ್ಟು ಹೇಳಿಬಿಡುತ್ತೇನೆ, ಇದಕ್ಕಾಗಿ ನಾನು ಎರಡು ರಾತ್ರಿ ಕಳೆದೆ. ರಿಸೋರ್ಸ್ ಫೋಲ್ಡರಿಗೆ 'ಫಿಲ್ಟರಿಂಗ್' ಹಚ್ಚಿದ್ದರೆ ಮೇವನ್ ಫೈಲ್‌ಗಳ ಒಳಗಿನ ಬರಹ ಬದಲಾಯಿಸಲು ಹೋಗುತ್ತದೆ. ಸಾಮಾನ್ಯ ಚಿತ್ರಗಳನ್ನು ಅದು ತಾನಾಗಿ ಬಿಟ್ಟುಬಿಡುತ್ತದೆ, ಫಾಂಟನ್ನು ಬಿಡುವುದಿಲ್ಲ. ಚಿತ್ರ ಸರಿ, ಫಾಂಟ್ ಹಾಳು ಎಂಬ ವಿಚಿತ್ರ ಸ್ಥಿತಿ ಬಂದರೆ ಫಿಲ್ಟರಿಂಗ್ ತೆಗೆದುಹಾಕಿ, ಇಲ್ಲವೇ ಟಿಟಿಎಫ್ ಫೈಲ್‌ಗಳನ್ನು ಅದರಿಂದ ಹೊರಗಿಡಿ.

ದನಿ

ಜಾವಾ ತಾನಾಗಿ ನುಡಿಸುವುದು ವೇವ್ ಫೈಲನ್ನು, ಎಂಪಿ3ಗೆ ಬೇರೆ ಲೈಬ್ರರಿ ಬೇಕು. ಮಾತಿನ ದನಿಗೆ ಒಂದೇ ಚಾನೆಲ್, ಸೆಕೆಂಡಿಗೆ 22,050 ಮಾದರಿ, ಒಂದೊಂದಕ್ಕೆ ಎರಡು ಬೈಟ್ ಇಟ್ಟರೆ ಸೆಕೆಂಡಿಗೆ ಸುಮಾರು 44 ಕೆಬಿ ಆಗುತ್ತದೆ. ಎರಡು ಸೆಕೆಂಡಿನ ಒಂದು ಹೆಸರು 88 ಕೆಬಿ. ನೂರು ಹೆಸರಿದ್ದರೂ ಒಂಬತ್ತು ಎಂಬಿಯೊಳಗೆ. ಎಂಪಿ3ರ ತಂಟೆಗೆ ಹೋಗುವ ಅಗತ್ಯ ನನಗೆ ಬರಲಿಲ್ಲ. ಆದರೆ ಜಾರ್ ಕಟ್ಟಿದ ಮೇಲೆ ದನಿ ಸತ್ತು, 'ಮಾರ್ಕ್ ರೀಸೆಟ್' ಇಲ್ಲ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಫೈಲಿನ ಶುರುವಿಗೆ ಹಿಂತಿರುಗಿ ನೋಡುವ ಸೌಲಭ್ಯ ಜಾರ್‌ನಿಂದ ಬರುವ ಹರಿವಿಗೆ ಇಲ್ಲ. ಅದನ್ನು 'ಬಫರ್ಡ್ ಇನ್‌ಪುಟ್ ಸ್ಟ್ರೀಮ್'ನಲ್ಲಿ ಸುತ್ತಿ ಕೊಟ್ಟರೆ ಸರಿಹೋಗುತ್ತದೆ.

ಪೈಥಾನ್ ಮತ್ತು ಒಂದು ರಾತ್ರಿಯ ಚೌಕಿ

ಪೈಥಾನ್ ಪ್ರೋಗ್ರಾಮನ್ನು ಎಕ್ಸಿ ಮಾಡಲು ಹೆಚ್ಚಿನವರು ಬಳಸುವುದು ಪೈ-ಇನ್‌ಸ್ಟಾಲರ್. ಅದು ಕೋಡ್‌ನಲ್ಲಿ ಇಂಪೋರ್ಟ್ ಆದದ್ದನ್ನು ತಾನೇ ಹುಡುಕಿ ತುಂಬಿಕೊಳ್ಳುತ್ತದೆ, ಚಿತ್ರ, ಫಾಂಟ್‌ಗಳನ್ನು ತುಂಬಿಕೊಳ್ಳುವುದಿಲ್ಲ. 'ಆ್ಯಡ್-ಡೇಟಾ' ಎಂದು ಹೇಳಿ, ಎಲ್ಲಿಂದ ತರಬೇಕು, ಒಳಗೆ ಎಲ್ಲಿ ಇಡಬೇಕು ಎಂಬೆರಡನ್ನು ಕೊಡಬೇಕು. ಎರಡರ ನಡುವೆ ಹಳೆಯ ಆವೃತ್ತಿಗಳಲ್ಲಿ ವಿಂಡೋಸ್‌ಗೆ ಅರ್ಧವಿರಾಮ, ಲಿನಕ್ಸ್‌ಗೆ ವಿವರಣ ಚಿಹ್ನೆ ಹಾಕಬೇಕಿತ್ತು. 6.0ರಿಂದ ಎಲ್ಲ ಕಡೆಯೂ ವಿವರಣ ಚಿಹ್ನೆ ನಡೆಯುತ್ತದೆ.

ಒಂದೇ ಫೈಲ್ ಮಾಡುವ ಆಯ್ಕೆ ನೋಡಲು ಚಂದ. ಒಳಗೆ ನಡೆಯುವುದು ಇಷ್ಟು: ಪ್ರತಿ ಸಲ ತೆರೆದಾಗ ಅದು ತನ್ನೊಳಗಿನ ಎಲ್ಲವನ್ನೂ ಕಂಪ್ಯೂಟರಿನ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿ ಹರಡುತ್ತದೆ, ಮುಚ್ಚಿದಾಗ ಅಳಿಸುತ್ತದೆ. ಆಟದ ಗದ್ದೆಯ ಬದಿಯಲ್ಲಿ ಸಂಜೆ ವೇಷ ಕಟ್ಟುವ ಚೌಕಿ ಎದ್ದು, ಬೆಳಿಗ್ಗೆ ಮಂಗಳ ಹಾಡಿದ ಮೇಲೆ ಪೆಟ್ಟಿಗೆ ಸೇರುವ ಹಾಗೆ. ಆದ್ದರಿಂದ ಚಿತ್ರವನ್ನು ಎಕ್ಸಿಯ ಪಕ್ಕ ಹುಡುಕಿದರೆ ಸಿಗುವುದಿಲ್ಲ. ಎರಡೂ ಬದಿ ಎರಡೆರಡು ಅಡಿಗೆರೆ ಇರುವ 'ಫೈಲ್' ಎಂಬ ಹೆಸರಿನಿಂದ ಕೋಡ್ ಇರುವ ಫೋಲ್ಡರ್ ತಿಳಿದು, ಅಲ್ಲಿಂದ ದಾರಿ ಕಟ್ಟಿ. ಬರೆಯುವಾಗಲೂ ಕಟ್ಟಿದ ಮೇಲೂ ಒಂದೇ ಸಾಲು ಸಾಕಾಗುತ್ತದೆ.

ಒಂದೇ ಫೈಲ್ ಆದರೆ ತೆರೆಯಲು ತಡ, ವೈರಸ್ ತಡೆಯುವ ಪ್ರೋಗ್ರಾಮ್‌ಗಳ ಅನುಮಾನವೂ ಹೆಚ್ಚು. ಶಾಲೆಯ ನಿಧಾನದ ಕಂಪ್ಯೂಟರಿಗೆ ಫೋಲ್ಡರ್ ರೂಪವೇ ಮೇಲು ಎಂಬುದು ನನ್ನ ಅಭಿಪ್ರಾಯ. ಫೋಲ್ಡರಿನ ಒಳಗಿರುವುದನ್ನು ಮುಟ್ಟಬೇಡಿ ಎಂದು ಹೇಳಿ, ಡೆಸ್ಕ್‌ಟಾಪ್‌ಗೆ ಶಾರ್ಟ್‌ಕಟ್ ಮಾಡಿಕೊಟ್ಟರೆ ಸಾಕು. ಕೆಲವು ಕಡೆ ಇನ್ನೂ ವಿಂಡೋಸ್ 7 ಇದೆ. ಪೈಥಾನ್ 3.8ರ ನಂತರದ ಯಾವುದೂ ಅದರಲ್ಲಿ ಓಡುವುದಿಲ್ಲ. 32 ಬಿಟ್‌ನ ವಿಂಡೋಸ್ ಇದ್ದರೆ 64 ಬಿಟ್‌ನಲ್ಲಿ ಕಟ್ಟಿದ್ದೂ ಓಡುವುದಿಲ್ಲ. ಬರೆಯಲು ಕೂರುವ ಮೊದಲು ಇವೆರಡನ್ನು ಕೇಳಿ ತಿಳಿದುಕೊಳ್ಳಿ.

ಚೌಕಿಯ ಮಾತಿನಿಂದ ಇನ್ನೊಂದು ನಿಯಮವೂ ಹೊರಡುತ್ತದೆ. ಬೆಳಿಗ್ಗೆ ಕಳಚುವ ಚೌಕಿಯಲ್ಲಿ ಯಾರೂ ಬೆಲೆಬಾಳುವುದನ್ನು ಬಿಟ್ಟು ಹೋಗುವುದಿಲ್ಲ. ಮಕ್ಕಳ ಅಂಕ, ಮಾಷ್ಟ್ರು ಸೇರಿಸಿದ ಹೊಸ ಪದ ಇಂಥ ಬದಲಾಗುವ ವಿವರಗಳನ್ನು ಪ್ರೋಗ್ರಾಮಿನ ಪೆಟ್ಟಿಗೆಯೊಳಗೆ ಬರೆಯಬಾರದು. ಜಾರ್ ಒಳಗೆ ಬರೆಯಲು ಬರುವುದೂ ಇಲ್ಲ. ಪೈಥಾನ್‌ನ ಒಂದೇ ಫೈಲ್‌ನಲ್ಲಿ ಬರೆದದ್ದು ಮುಚ್ಚಿದಾಗ ಅಳಿಸಿಹೋಗುತ್ತದೆ, ಮಕ್ಕಳ ಒಂದು ವಾರದ ಅಂಕ ಹೀಗೆ ಹೋದರೆ ಅವರಿಗೆ ಸಮಾಧಾನ ಹೇಳುವುದು ಕಷ್ಟ. ವಿಂಡೋಸ್‌ನಲ್ಲಿ ಬಳಕೆದಾರರ 'ಆ್ಯಪ್‌ಡೇಟಾ' ಫೋಲ್ಡರಿನಲ್ಲಿ ನಿಮ್ಮ ಪ್ರೋಗ್ರಾಮಿನ ಹೆಸರಿನದೊಂದು ಜಾಗ ಮಾಡಿಕೊಳ್ಳಿ. ಎಸ್‌ಕ್ಯೂಲೈಟ್ ಡೇಟಾಬೇಸ್ ಇದ್ದರೆ ಮೂಲಪ್ರತಿ ಪೆಟ್ಟಿಗೆಯಲ್ಲಿರಲಿ, ಮೊದಲ ಸಲ ತೆರೆದಾಗ ಆ ಜಾಗಕ್ಕೆ ನಕಲಾಗಲಿ, ಮುಂದೆ ಓದುವುದು, ಬರೆಯುವುದು ನಕಲಿನ ಮೇಲೆಯೇ ನಡೆಯಲಿ.

ಕಾಪುವಿನ ಕಂಪ್ಯೂಟರ್

ಬರೆದ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದರೆ ಪರೀಕ್ಷೆ ಮಾಡಿದಂತಲ್ಲ. ಅಲ್ಲಿ ಫಾಂಟ್ ಇದೆ, ಜಾವಾ ಇದೆ, ಚಿತ್ರದ ಫೋಲ್ಡರ್ ಅದೇ ಜಾಗದಲ್ಲಿದೆ. ತಪ್ಪಿದ್ದರೂ ಮುಚ್ಚಿಹೋಗುತ್ತದೆ. ನನಗೆ ಕಾಪುವಿನಲ್ಲಿ ಅಕ್ಕನ ಮನೆಯಿದೆ, ಅಲ್ಲಿ ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪ್ ಒಂದಿದೆ. 1901ರ ದೀಪಸ್ತಂಭ ಮನೆಯ ಟೆರೇಸಿನಿಂದ ಕಾಣುವಷ್ಟು ಹತ್ತಿರ ಕಡಲು, ಉಪ್ಪುಗಾಳಿಗೆ ಪೆನ್‌ಡ್ರೈವ್ ಹಾಕುವ ಕಿಂಡಿಗಳಲ್ಲಿ ಎರಡು ತುಕ್ಕು ಹಿಡಿದಿವೆ. ಪ್ರೋಗ್ರಾಮ್ ಬರೆಯುವ ಯಾವ ಸಲಕರಣೆಯೂ ಅದರಲ್ಲಿಲ್ಲ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಕಂಪ್ಯೂಟರ್ ಸಿಗಲಿಕ್ಕಿಲ್ಲ.

ಮೊದಲ ಸಲ ಹೋದಾಗ ಅಕ್ಕನನ್ನೇ ಕೂರಿಸಿದೆ, ನಾನು ಮೌಸ್ ಮುಟ್ಟಲಿಲ್ಲ. "ಇದೆಂತ, ವಿಂಡೋಸ್ ಬೇಡ ಅಂತ ನೀಲಿ ಬೋರ್ಡು ತೋರಿಸ್ತದೆ. ಒತ್ತುದಾ ಬೇಡ್ವಾ?" ಎಂದು ಕೇಳಿದಳು. ಅಪರಿಚಿತ ಪ್ರೋಗ್ರಾಮ್‌ಗಳಿಗೆ ವಿಂಡೋಸ್ ಕೊಡುವ ಎಚ್ಚರಿಕೆ ಅದು. 'ಮೋರ್ ಇನ್‌ಫೋ' ಒತ್ತಿದರೆ ಮುಂದುವರಿಯುವ ಗುಂಡಿ ಕಾಣುತ್ತದೆ. ನನಗೆ ಕಂಡೂ ಕಾಣದಂತಾಗಿದ್ದ ಆ ಪರದೆ ಹೊಸಬರನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ ಎಂದು ಆಗ ತಿಳಿಯಿತು. ಅದರ ಚಿತ್ರ ಸಮೇತ ಅರ್ಧ ಪುಟದ ಕನ್ನಡ ಚೀಟಿಯೊಂದನ್ನು ಮುದ್ರಿಸಿ ಪೆನ್‌ಡ್ರೈವ್ ಜೊತೆ ಇಡುವುದನ್ನು ಅಂದಿನಿಂದ ರೂಢಿಸಿಕೊಂಡೆ.

ಹೀಗೆ ಬೇರೆ ಕಂಪ್ಯೂಟರ್ ಸಿಗದವರು ತಮ್ಮದರಲ್ಲೇ ಹೊಸ ಬಳಕೆದಾರರ ಖಾತೆ ತೆರೆಯಲಿ, ಹೆಸರಿನ ನಡುವೆ ಜಾಗ ಬಿಟ್ಟಿರಲಿ. ಪ್ರಾಜೆಕ್ಟ್ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಲಿ, ತಾವು ಹಾಕಿಕೊಂಡ ಕನ್ನಡ ಫಾಂಟ್ ತೆಗೆಯಲಿ. ಆಮೇಲೆ ಪೆನ್‌ಡ್ರೈವ್‌ನಿಂದ ಒಮ್ಮೆ, ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನಿಂದ ಒಮ್ಮೆ, ನೆಟ್ ಸಂಪರ್ಕ ತೆಗೆದು ಒಮ್ಮೆ ತೆರೆದು ನೋಡಲಿ. ಕಿಟಕಿಯ ತಲೆಪಟ್ಟಿಯಲ್ಲಿ ಆವೃತ್ತಿಯ ಸಂಖ್ಯೆ ಇರಲಿ. ಫೋನಿನಲ್ಲಿ ಮಾತಾಡುವಾಗ ಮೊದಲು ಅದನ್ನೇ ಓದಿ ಹೇಳಿ ಎಂದು ಕೇಳಬಹುದು.

ನನ್ನ ನಾಲ್ಕನೆಯ ಪ್ರತಿ ಕಾಪುವಿನಲ್ಲಿ ಪೂರ್ತಿ ತೆರೆದುಕೊಂಡಿತು, ಮರುದಿನ ಕಾರ್ಕಳದಲ್ಲೂ. ಮಾಷ್ಟ್ರು ಈ ಸಲ ಫೋನ್ ಮಾಡಿ, ಮಾತಾಡುವ ಮೊದಲು ಸ್ಪೀಕರಿನ ಹತ್ತಿರ ಹಿಡಿದರು. ತಾರಾಯಿ, ಬಾರೆ, ಕುಕ್ಕು ಒಂದರ ಹಿಂದೊಂದು ಕೇಳಿಸಿತು, ಹಿಂದೆಯೇ ಮಕ್ಕಳು ಒಟ್ಟಿಗೆ ಹೇಳುವುದೂ. ಆಮೇಲೆ, "ಮಕ್ಳು ಕೇಪುಳ ಇಲ್ಲ ಅಂತ ಕೇಳ್ತಿದ್ದಾರೆ. ಶಾಲೆ ಹಿಂದೆಯೇ ಉಂಟು, ಫೋಟೋ ಕಳಿಸ್ತೇನೆ, ಹಾಕ್ಲಿಕ್ಕೆ ಆಗ್ತದಾ?" ಎಂದರು.

ಫೋಟೋ ಆ ರಾತ್ರಿಯೇ ಬಂತು. ಅಗಲ ನಾಲ್ಕು ಸಾವಿರ ಪಿಕ್ಸೆಲ್ ಇದ್ದದ್ದನ್ನು 1,280ಕ್ಕೆ ಇಳಿಸಿ, ಹೆಸರನ್ನು ಸಣ್ಣಕ್ಷರಕ್ಕೆ ತಂದು ರಿಸೋರ್ಸಸ್ ಫೋಲ್ಡರಿಗೆ ಹಾಕಿದೆ. ಪದಪಟ್ಟಿಗೆ ಒಂದು ಸಾಲು ಸೇರಿಸಿ, ತಲೆಪಟ್ಟಿಯ ಸಂಖ್ಯೆ 1.4 ಎಂದು ಬದಲಿಸಿ ಕಟ್ಟಿದೆ, ಜಿಪ್ ಮಾಡಿ ಒಳಗೆ ನೋಡಿದೆ. ಕೇಪುಳ ಇತ್ತು. ಭಾನುವಾರ ಕಾಪುವಿಗೆ ಹೋಗುವುದಿದೆ.